ಮೊದಲು ಮಳೆ, ಆಮೇಲೆ ಅಳತೆ, ಕೊನೆಗೆ ಬಣ್ಣ: ಮಲೆನಾಡಿನ ಸಣ್ಣ ಹಾಲ್‌ಗೆ ರಗ್ಗು ಆರಿಸುವ ಬಗೆ

ಹೋದ ವರ್ಷ ಆಶ್ಲೇಷ ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ. ರಿಮೋಟಿನ ಸೆಲ್ ಸೋಫಾ ಕೆಳಗೆ ಉರುಳಿತ್ತು. ಅದನ್ನು ಹುಡುಕಲು ಹಾಲ್‌ನಲ್ಲಿ ಹಾಸಿದ್ದ ರಗ್ಗಿನ ಒಂದು ಮೂಲೆ ಎತ್ತಿದೆ. ಮೊದಲು ಮೂಗಿಗೆ ಬಂದದ್ದು ವಾಸನೆ. ಮಳೆಗಾಲದಲ್ಲಿ ತೆರೆಯದೆ ಇಟ್ಟ ಟ್ರಂಕಿನಿಂದ ಬರುತ್ತದಲ್ಲ, ಆ ಮುಗ್ಗಲು ವಾಸನೆ. ಆಮೇಲೆ ಕಂಡದ್ದು ರಗ್ಗಿನ ಹಿಂಬದಿ. ಅಕ್ಕಿ ಹಿಟ್ಟು ಚಿಮುಕಿಸಿದ ಹಾಗೆ ಬಿಳಿ ಬೂಷ್ಟು, ನಡುನಡುವೆ ಹಸಿರು-ಕಪ್ಪು ಚುಕ್ಕೆಗಳು. ಬೆರಳಿನಿಂದ ಒತ್ತಿದರೆ ಬಟ್ಟೆಯೊಳಗಿನ ಅಂಟು ಪುಡಿಯಾಗಿ ಉದುರಿತು. ನೆಲದ ಮೇಲೆ ರಗ್ಗು ಇದ್ದಷ್ಟು ಜಾಗ ಒದ್ದೆಯಾಗಿ, ಗೀಟು ಹಾಕಿದಂತೆ ಬೇರೆಯಾಗಿ ಕಾಣುತ್ತಿತ್ತು.

ಮೇಲಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ದಿನಾ ಅದರ ಮೇಲೆ ಮಗು ಆಡುತ್ತಿತ್ತು. ಕೊಂಡು ಒಂದು ವರ್ಷವೂ ಆಗಿರಲಿಲ್ಲ.

ನಮ್ಮದು ಶಿವಮೊಗ್ಗದಲ್ಲಿ ನೆಲಮಹಡಿಯ ಬಾಡಿಗೆ ಮನೆ, ಹಾಲ್ 10×12 ಅಡಿ. ಅಮ್ಮನ ಮನೆ ಹೊಸನಗರದ ಕಡೆ, ಅಲ್ಲಿ ರೆಡ್ ಆಕ್ಸೈಡ್ ನೆಲ. ಆ ರಗ್ಗು ಹಾಳಾದ ಮೇಲೆ ಈ ಎರಡೂ ಮನೆಗೆ ಸರಿಯಾದ ಹಾಸು ಹುಡುಕುತ್ತಾ ನಾನು ಕಲಿತದ್ದು ಸಾಕಷ್ಟಿದೆ. ಅದರಲ್ಲಿ ಮುಖ್ಯವಾದದ್ದು ಇಷ್ಟು: ರಗ್ಗಿನ ಬಗ್ಗೆ ಎಲ್ಲರೂ ಬಣ್ಣದಿಂದ ಮಾತು ಶುರು ಮಾಡುತ್ತಾರೆ. ಮಲೆನಾಡಿನಲ್ಲಿ ಮಳೆಯಿಂದ ಶುರು ಮಾಡಬೇಕು. ಅದಾದ ಮೇಲೆ ಅಳತೆ. ಬಣ್ಣ ಕೊನೆಗೆ.

ನೆಲ ಯಾಕೆ ಬೆವರುತ್ತದೆ

ಜೂನ್, ಜುಲೈನಲ್ಲಿ ನೆಲ ಬೆವರುವುದು ನಮಗೆಲ್ಲ ಗೊತ್ತು. ಒರೆಸಿ ಒಂದು ಗಂಟೆ ಆದರೂ ಕಾಲಿಗೆ ಅಂಟಂಟು. ಇದಕ್ಕೆ ಎರಡು ಕಾರಣ ಇರುತ್ತವೆ, ಎರಡೂ ಬೇರೆ ಬೇರೆ.

ಒಂದು, ಗಾಳಿಯಿಂದ ಬರುವ ನೀರು. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈಯಲ್ಲಿ ಹನಿ ಕೂರುತ್ತದಲ್ಲ, ಅದೇ ಲೆಕ್ಕ. ಗಾಳಿ 25 ಡಿಗ್ರಿ ಇದ್ದು ತೇವಾಂಶ ಶೇ 90 ಇದ್ದರೆ, ನೆಲ ಸುಮಾರು 23 ಡಿಗ್ರಿಗೆ ಇಳಿದರೆ ಸಾಕು, ಅದರ ಮೇಲೆ ನೀರು ಕೂರಲು ಶುರುವಾಗುತ್ತದೆ. ಬರೀ ಎರಡು ಡಿಗ್ರಿ ವ್ಯತ್ಯಾಸ. ಮಣ್ಣಿಗೆ ತಾಗಿದ ನೆಲ ಮಳೆಗಾಲದಲ್ಲಿ ಅಷ್ಟು ತಣ್ಣಗಾಗುವುದು ದೊಡ್ಡ ವಿಷಯವೇ ಅಲ್ಲ.

ಇನ್ನೊಂದು, ಮಣ್ಣಿನಿಂದ ಏರುವ ನೀರು. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಸಿಮೆಂಟು, ಜಂಬಿಟ್ಟಿಗೆ, ಗಾರೆ ಎಲ್ಲವೂ ಕೆಳಗಿನ ತೇವವನ್ನು ಮೇಲಕ್ಕೆ ಎಳೆಯುತ್ತವೆ. ಹಳೇ ಮನೆಗಳಲ್ಲಿ ನೆಲದಡಿ ಪ್ಲಾಸ್ಟಿಕ್ ಹಾಳೆ ಹಾಕುವ ಪದ್ಧತಿ ಇರಲಿಲ್ಲ. ಹಾಗಾಗಿ ಅಲ್ಲಿ ಇದು ಜಾಸ್ತಿ.

ನಿಮ್ಮ ಮನೆಯಲ್ಲಿ ಯಾವುದು ಅಂತ ತಿಳಿಯಲು ಸುಲಭದ ದಾರಿ ಇದೆ. ಒಂದೂವರೆ ಅಡಿ ಚೌಕದ ದಪ್ಪ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಒಣಗಿದ ನೆಲದ ಮೇಲೆ ಹಾಕಿ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಒಂದು ಹಗಲು, ಒಂದು ರಾತ್ರಿ ಬಿಡಿ. ಹಾಳೆಯ ಕೆಳಗೆ ಹನಿ ಕಟ್ಟಿದರೆ ತೇವ ಮಣ್ಣಿನಿಂದ ಬರುತ್ತಿದೆ. ಹಾಳೆಯ ಮೇಲೆ ಮಾತ್ರ ಒದ್ದೆ ಇದ್ದರೆ ಗಾಳಿಯಿಂದ. ನಮ್ಮ ಬಾಡಿಗೆ ಮನೆಯಲ್ಲಿ ಮೇಲೆ ಒದ್ದೆ ಇತ್ತು. ಅಮ್ಮನ ಮನೆಯಲ್ಲಿ ಕೆಳಗೆ ಹನಿ ಕಟ್ಟಿತ್ತು. ಗಾಳಿಯ ತೇವಕ್ಕೆ ಫ್ಯಾನು, ಕಿಟಕಿ ಇವುಗಳಿಂದ ಸ್ವಲ್ಪ ಸಮಾಧಾನ ಸಿಗುತ್ತದೆ. ಮಣ್ಣಿನ ತೇವಕ್ಕೆ ಅದು ಸಾಲದು. ಅಂಥ ನೆಲದ ಮೇಲೆ ಮಳೆಗಾಲದಲ್ಲಿ ಏನನ್ನೂ ಕಾಯಂ ಆಗಿ ಹಾಸಲೇಬಾರದು ಅಂತ ನಾನು ಹೇಳುತ್ತೇನೆ.

ರಗ್ಗು ಹಾಸಿದಾಗ ಈ ತೊಂದರೆ ಇನ್ನೂ ಹೆಚ್ಚುತ್ತದೆ. ರಗ್ಗು ಒಂದು ಹೊದಿಕೆ ಇದ್ದ ಹಾಗೆ. ಕೋಣೆಯ ಬಿಸಿ ನೆಲಕ್ಕೆ ತಾಗದಂತೆ ತಡೆಯುತ್ತದೆ, ನೆಲ ಇನ್ನಷ್ಟು ತಣ್ಣಗಿರುತ್ತದೆ. ಕೆಳಗೆ ಗಾಳಿ ಆಡುವುದಿಲ್ಲ, ಕೂತ ನೀರು ಆರುವುದಿಲ್ಲ. ಬೂಷ್ಟಿಗೆ ಬೇಕಾದದ್ದು ಅಷ್ಟೇ: ತೇವ, ನಿಂತ ಗಾಳಿ, ತಿನ್ನಲು ಒಂದಿಷ್ಟು ಕೊಳೆ. ಪ್ಲಾಸ್ಟಿಕ್ ನೂಲಿನ ರಗ್ಗಿಗೆ ಬೂಷ್ಟು ಬರುವುದಿಲ್ಲ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ನೂಲಿಗೆ ಬರುವುದಿಲ್ಲ ಅನ್ನುವುದು ನಿಜ. ಆದರೆ ಅದರೊಳಗೆ ಸೇರಿಕೊಂಡ ಧೂಳು, ತಿಂಡಿಯ ಪುಡಿ, ನಮ್ಮ ಚರ್ಮದ ಹೊಟ್ಟು ಇವುಗಳ ಮೇಲೆ ಚೆನ್ನಾಗಿಯೇ ಬರುತ್ತದೆ.

ಮಲೆನಾಡು ಅಂದರೆ ಎಲ್ಲಾ ಕಡೆ ಒಂದೇ ಮಳೆಯೂ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಶಿವಮೊಗ್ಗ ಪೇಟೆಗೆ ಬೀಳುವುದು ಅದರ ಸಣ್ಣದೊಂದು ಪಾಲು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ನೆಲಮಹಡಿಗೂ ಶಿವಮೊಗ್ಗದ ಎರಡನೇ ಮಹಡಿಯ ಮನೆಗೂ ಒಂದೇ ರಗ್ಗು ಹೊಂದುವುದಿಲ್ಲ. ಮಹಡಿ ಮನೆಯವರಿಗೆ ಮಣ್ಣಿನ ತೇವದ ಕಾಟವೇ ಇಲ್ಲ. ಅವರು ಧೈರ್ಯವಾಗಿ ಸ್ವಲ್ಪ ದಪ್ಪದ್ದು ಕೊಳ್ಳಬಹುದು.

ಯಾವ ನೂಲು ಎಷ್ಟು ನೀರು ಕುಡಿಯುತ್ತದೆ

ಪೂರ್ತಿ ಒಣಗಿದ 100 ಗ್ರಾಂ ನೂಲನ್ನು ಶೇ 65 ತೇವಾಂಶದ ಗಾಳಿಯಲ್ಲಿ ಇಟ್ಟರೆ ಅದು ಎಷ್ಟು ನೀರು ಎಳೆದುಕೊಳ್ಳುತ್ತದೆ ಅನ್ನುವುದಕ್ಕೆ ಜವಳಿ ಲೋಕದಲ್ಲಿ ಲೆಕ್ಕ ಇದೆ. ಉಣ್ಣೆ ಸುಮಾರು 16 ಗ್ರಾಂ. ಸೆಣಬು 13ರಿಂದ 14. ಮರದ ತಿರುಳಿನಿಂದ ಮಾಡುವ, ರೇಷ್ಮೆಯಂತೆ ಕಾಣುವ ವಿಸ್ಕೋಸ್ 13ರ ಆಸುಪಾಸು. ಹತ್ತಿ ಎಂಟು, ಎಂಟೂವರೆ. ಪಾಲಿಯೆಸ್ಟರ್ ಅರ್ಧ ಗ್ರಾಮಿಗೂ ಕಡಿಮೆ. ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ ಚಾಪೆಯ ನೂಲು, ಸೊನ್ನೆ. ನಮ್ಮ ಜುಲೈನ ಗಾಳಿ ಶೇ 65ರಲ್ಲಿ ನಿಲ್ಲುವುದಿಲ್ಲ, ಇನ್ನೂ ಎಷ್ಟೋ ಮೇಲಿರುತ್ತದೆ. ಹಾಗಾಗಿ ನೂಲುಗಳು ಕುಡಿಯುವ ನೀರೂ ಜಾಸ್ತಿ.

ಈ ಅಂಕಿ ನೋಡಿ ಉಣ್ಣೆ ಬೇಡ, ಪ್ಲಾಸ್ಟಿಕ್ಕೇ ಸರಿ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ನೀರು ಹೀರುವುದು ಅಷ್ಟು ದೊಡ್ಡ ತಪ್ಪಲ್ಲ. ಹೀರಿದ ನೀರನ್ನು ಬಿಟ್ಟುಕೊಡಲು ದಾರಿ ಇಲ್ಲದಿರುವುದು ತಪ್ಪು. ತೆಳು ಹತ್ತಿ ಜಮಖಾನ ಒದ್ದೆಯಾದರೆ ಎತ್ತಿ ಹಗ್ಗಕ್ಕೆ ಹಾಕಬಹುದು, ಫ್ಯಾನಿನಡಿ ಒಂದು ರಾತ್ರಿಯಲ್ಲಿ ಬಹುಪಾಲು ಆರುತ್ತದೆ. ದಪ್ಪ ರಗ್ಗನ್ನು ಎತ್ತಲಿಕ್ಕೇ ಇಬ್ಬರು ಬೇಕು. ಲೆಕ್ಕ ಹಾಕಿ: 5×8 ಅಡಿಯ ರಗ್ಗು ಅಂದರೆ ಮೂರು ಮುಕ್ಕಾಲು ಚದರ ಮೀಟರ್. ಚದರ ಮೀಟರಿಗೆ 3 ಕೆ.ಜಿ. ತೂಗುವ ರಗ್ಗಾದರೆ ಒಣಗಿದ್ದಾಗಲೇ 11 ಕೆ.ಜಿ. ಒದ್ದೆಯಾದರೆ ಕೇಳಲೇಬೇಡಿ. ಹಾಗಾಗಿ ಕೊಳ್ಳುವ ಮುಂಚೆ ನಾನೀಗ ಕೇಳಿಕೊಳ್ಳುವ ಮೊದಲ ಪ್ರಶ್ನೆ, ಇದನ್ನು ನಾನೊಬ್ಬಳೇ ಎತ್ತಿ ಟೆರೇಸಿಗೆ ಒಯ್ಯಲು ಆಗುತ್ತದಾ ಅಂತ.

ನಮ್ಮ ಹಾಳಾದ ರಗ್ಗು ಟಫ್ಟೆಡ್ ಅನ್ನುವ ಜಾತಿಯದ್ದು. ಒಂದು ಬಟ್ಟೆಗೆ ಗನ್ನಿನಿಂದ ನೂಲು ಚುಚ್ಚಿರುತ್ತಾರೆ. ನೂಲು ಕಿತ್ತು ಬಾರದಿರಲಿ ಅಂತ ಹಿಂದೆ ಲೇಟೆಕ್ಸ್ ಅಂಟು ಬಳಿದು, ಅದರ ಮೇಲೆ ಇನ್ನೊಂದು ಬಟ್ಟೆ ಅಂಟಿಸಿರುತ್ತಾರೆ. ಅಂದರೆ ಎರಡು ಬಟ್ಟೆ, ನಡುವೆ ಅಂಟು. ಕೆಳಗಿನಿಂದ ಬಂದ ತೇವ ಮೇಲಕ್ಕೂ ಹೋಗದು, ಕೆಳಕ್ಕೂ ಇಳಿಯದು. ಅಂಟು ಹಳತಾದಂತೆ ಒಡೆದು ಪುಡಿಯಾಗುತ್ತದೆ. ಅಂಗಡಿಯಲ್ಲಿ ಇದನ್ನೂ ಕೈಯಿಂದ ಮಾಡಿದ್ದು ಅಂತಲೇ ಮಾರುತ್ತಾರೆ. ಮಾತು ಸುಳ್ಳಲ್ಲ, ಗನ್ ಹಿಡಿದದ್ದು ಕೈಯೇ. ಆದರೆ ಕೈಯಲ್ಲಿ ಗಂಟು ಹಾಕಿದ ರತ್ನಗಂಬಳಿಗೂ ಇದಕ್ಕೂ ಅಜಗಜಾಂತರ. ಉತ್ತರ ಪ್ರದೇಶದ ಭದೋಹಿ, ಮಿರ್ಜಾಪುರದ ಕಡೆ, ಕಾಶ್ಮೀರದಲ್ಲಿ ಮಾಡುವ ಗಂಟಿನ ರತ್ನಗಂಬಳಿಯಲ್ಲಿ ಅಂಟೇ ಇರುವುದಿಲ್ಲ. ಉದ್ದಕ್ಕೆ ಎಳೆದು ಕಟ್ಟಿದ ಹಾಸುನೂಲಿಗೆ ಒಂದೊಂದೇ ಗಂಟು ಹಾಕಿ ಮೇಲೆ ಮೇಲೆ ಬಡಿದು ಕೂರಿಸಿರುತ್ತಾರೆ. ಅದು ಉಸಿರಾಡುತ್ತದೆ, ತೊಳೆಯಲೂ ಬರುತ್ತದೆ. ಬೆಲೆ ಮಾತ್ರ ಎಲ್ಲರ ಕೈಗೆ ಎಟುಕುವಂಥದ್ದಲ್ಲ.

ಗುರುತು ಹಿಡಿಯುವುದು ಸುಲಭ. ಮಗುಚಿ ಹಾಕಿ. ಹಿಂಬದಿಯಲ್ಲೂ ಅದೇ ಚಿತ್ತಾರ ಸ್ಪಷ್ಟವಾಗಿ ಕಂಡು, ಅಂಚಿನ ಕುಚ್ಚು ರಗ್ಗಿನ ಒಳಗಿನಿಂದಲೇ ಬಂದ ನೂಲಾಗಿದ್ದರೆ ಅದು ಗಂಟಿನದ್ದು. ಹಿಂದೆ ಬರೀ ಬಟ್ಟೆ ಕಂಡು, ಕುಚ್ಚನ್ನು ಬೇರೆ ತಂದು ಹೊಲಿದಿದ್ದರೆ ಟಫ್ಟೆಡ್. ನಾನು ಕೊಳ್ಳುವಾಗ ಮಗುಚಿ ನೋಡಿರಲಿಲ್ಲ.

ಇನ್ನು ವಿಸ್ಕೋಸ್. ಆರ್ಟ್ ಸಿಲ್ಕ್, ಬ್ಯಾಂಬೂ ಸಿಲ್ಕ್ ಅಂತ ಚೆಂದದ ಹೆಸರುಗಳಲ್ಲಿ ಸಿಗುತ್ತದೆ. ರೇಷ್ಮೆಯ ಹಾಗೆ ಮಿಂಚುತ್ತದೆ, ಮುಟ್ಟಿದರೆ ಬಿಡಲು ಮನಸ್ಸಾಗುವುದಿಲ್ಲ. ಒದ್ದೆಯಾದರೆ ಈ ನೂಲಿನ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಹೊಳಪು ಹೋಗಿ ಹಳದಿ ಕಲೆ ಕೂರುತ್ತದೆ. ಮಲೆನಾಡಿನ ಹಾಲ್‌ಗೆ ಇದು ಬೇಡವೇ ಬೇಡ. ಸೆಣಬಿನದ್ದೂ ಅಷ್ಟೇ. ನೋಡಲು ನಮ್ಮ ಮಣ್ಣಿನ ಬಣ್ಣಕ್ಕೆ ಹೊಂದುತ್ತದೆ, ಬೇಸಿಗೆಯಲ್ಲಿ ತಂಪು. ಆದರೆ ನೀರು ಬಿದ್ದ ಕಡೆ ಕಂದು ಕಲೆ ಆಗಿ ಉಳಿಯುತ್ತದೆ, ತೊಳೆದರೆ ಇನ್ನೂ ಹರಡುತ್ತದೆ. ತೆಂಗಿನ ನಾರಿನದ್ದು ತೇವಕ್ಕೆ ಸೆಣಬಿಗಿಂತ ಚೆನ್ನಾಗಿ ತಡೆಯುತ್ತದೆ. ಬಾಗಿಲಿಗೆ ಅದು ಒಳ್ಳೆಯದು. ಕೂರುವ ಜಾಗಕ್ಕೆ ಚುಚ್ಚುತ್ತದೆ.

ಉಣ್ಣೆಗೆ ಬೂಷ್ಟಿಗಿಂತ ದೊಡ್ಡ ಶತ್ರು ನುಸಿ. ಬಟ್ಟೆ ತಿನ್ನುವ ಸಣ್ಣ ಪತಂಗ ಕತ್ತಲ ಜಾಗದಲ್ಲಿ ಮೊಟ್ಟೆ ಇಡುತ್ತದೆ. ರಗ್ಗು ತಿನ್ನುವುದು ಅದರ ಮರಿಹುಳ. ಸೋಫಾ ಅಡಿ ಸೇರಿದ ಭಾಗ ಅದಕ್ಕೆ ಹೇಳಿ ಮಾಡಿಸಿದ ಜಾಗ, ಯಾಕೆಂದರೆ ಅಲ್ಲಿ ಯಾರೂ ಓಡಾಡುವುದಿಲ್ಲ, ಗುಡಿಸುವುದೂ ಅಪರೂಪ. ಉಣ್ಣೆ ಹಾಕುವವರು ತಿಂಗಳಿಗೊಮ್ಮೆ ಸೋಫಾ ಸರಿಸಲೇಬೇಕು. ಅದು ಆಗುತ್ತದೆ ಅನ್ನುವವರಿಗೆ ಉಣ್ಣೆ ನಿಜಕ್ಕೂ ಒಳ್ಳೆಯದು. ತೂಕದ ಆರನೇ ಒಂದು ಭಾಗದಷ್ಟು ನೀರು ಹೀರಿಕೊಂಡರೂ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ನಮ್ಮ ಕಡೆ ಕರಿ ಕಂಬಳಿಯನ್ನು ಕೊಪ್ಪೆ ಮಾಡಿ ಹೊದ್ದು ಮಳೆಯಲ್ಲಿ ಗದ್ದೆ ಕೆಲಸ ಮಾಡುತ್ತಿದ್ದದ್ದು ಇದೇ ಗುಣದಿಂದ. ಸಂಜೆ ಅದನ್ನು ಬಚ್ಚಲ ಒಲೆಯ ಹತ್ತಿರ ನೇತು ಹಾಕಿದರೆ ಬೆಳಿಗ್ಗೆಗೆ ಮತ್ತೆ ಹೊದೆಯಲು ಬರುತ್ತಿತ್ತು. ಚಳ್ಳಕೆರೆ ಕಡೆಯ ಕಂಬಳಿಯನ್ನು ಈಗಲೂ ಸೋಫಾ ಮುಂದೆ ಹಾಸಬಹುದು. ಹೊಸತರಲ್ಲಿ ಸ್ವಲ್ಪ ಒರಟು. ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡಿರುತ್ತಾರೆ, ಅದು ಬಳಸುತ್ತಾ ಬಿಡುತ್ತದೆ.

ನನ್ನ ಆಯ್ಕೆ ಕೊನೆಗೆ ನಿಂತದ್ದು ಹತ್ತಿಯ ಜಮಖಾನದ ಮೇಲೆ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನ ಅಂದರೆ ಕರ್ನಾಟಕದವರಿಗೆ ಹೊಸದಾಗಿ ಹೇಳಬೇಕಿಲ್ಲ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಹೆಂಗಸರು ಮನೆಯಲ್ಲೇ, ಗೋಡೆಗೆ ನಿಲ್ಲಿಸಿದಂಥ ನೇರ ಮಗ್ಗದಲ್ಲಿ ನೇಯುತ್ತಾರೆ. ನವಿಲು, ಚೌಕಾಬಾರದ ಮನೆಗಳು ಅದರ ಮಾಮೂಲಿ ಚಿತ್ತಾರ. ಹಿಂದೆ ಮುಂದೆ ಎರಡೂ ಒಂದೇ ಥರ ಇರುವುದರಿಂದ ಮಗುಚಿ ಹಾಸಬಹುದು. ಅಂದರೆ ಒಂದರ ಬೆಲೆಗೆ ಎರಡು ಮುಖ. ಅಂಟಿಲ್ಲ, ಒಳಪದರ ಇಲ್ಲ, ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು. ಚಿಕ್ಕಂದಿನಲ್ಲಿ ಮದುವೆ ಮನೆಯ ಜಗುಲಿಯಲ್ಲಿ ಜಮಖಾನದ ಮೇಲೆ ಮಲಗಿ ಎದ್ದಾಗ ಕೆನ್ನೆಯ ಮೇಲೆ ಅದರ ಗೆರೆ ಮೂಡಿರುತ್ತಿತ್ತು. ಆ ಗೆರೆಯ ಜಾಗದಲ್ಲೇ ಗಾಳಿ ಆಡುವುದು ಅಂತ ಈಗ ಗೊತ್ತಾಗಿದೆ.

ಅಮ್ಮನ ಮನೆಗೆ ಮಾತ್ರ ಪಾಲಿಪ್ರೊಪಿಲೀನ್ ನೂಲಿನ ತೆಳು ನೇಯ್ಗೆಯ ಹಾಸನ್ನೇ ತಂದೆ. ಮಣ್ಣಿನ ತೇವ ಇರುವ ಕಡೆ ಹತ್ತಿಯನ್ನೂ ನಂಬಲಾಗದು. ಇದನ್ನು ಕೊಳ್ಳುವವರು ಎರಡು ವಿಷಯ ನೆನಪಿಡಿ. ಹಿಂಬದಿಯಲ್ಲಿ ಸೆಣಬು ಅಥವಾ ಅಂಟಿನ ಪದರ ಇರಬಾರದು, ಇದ್ದರೆ ನೂಲು ನೀರು ಹೀರದಿದ್ದೂ ಪ್ರಯೋಜನ ಇಲ್ಲ. ಮತ್ತೆ, ಬೆಂಕಿಗೆ ಇದು ಕರಗುತ್ತದೆ. ಊದುಬತ್ತಿಯ ಕಿಡಿ ಬಿದ್ದರೂ ತೂತು.

ಅಳತೆ: ರಂಗೋಲಿ ಪುಡಿಯಿಂದ ಶುರು ಮಾಡಿ

ಸಣ್ಣ ಹಾಲ್‌ಗೆ ಸಣ್ಣ ರಗ್ಗು ಸಾಕು ಅನ್ನುವುದು ಎಲ್ಲರೂ ಮಾಡುವ ತಪ್ಪು. ಸಣ್ಣ ರಗ್ಗು ಹಾಕಿದರೆ ಹಾಲ್ ಇನ್ನೂ ಸಣ್ಣದಾಗಿ ಕಾಣುತ್ತದೆ. ಕಣ್ಣು ನೆಲವನ್ನು ತುಂಡು ತುಂಡಾಗಿ ನೋಡುತ್ತದೆ: ಇಲ್ಲಿ ಸೋಫಾ, ನಡುವೆ ಖಾಲಿ, ಅಲ್ಲೊಂದು ಚೂರು ಬಟ್ಟೆ, ಮತ್ತೆ ಖಾಲಿ. ಸೋಫಾದ ಮುಂಗಾಲುಗಳು ರಗ್ಗಿನ ಮೇಲೆ ಕೂತರೆ ಎರಡೂ ಸೇರಿ ಒಂದೇ ಜಾಗ ಆಗುತ್ತದೆ.

ನಮ್ಮ 10×12 ಅಡಿ ಹಾಲ್‌ನ ಲೆಕ್ಕ ಹೇಳುತ್ತೇನೆ. ನಿಮ್ಮದಕ್ಕೆ ಅಂಕಿ ಬದಲಿಸಿಕೊಳ್ಳಿ. 12 ಅಡಿಯ ಗೋಡೆಗೆ ಸೋಫಾ ಇದೆ. ಅದರ ಉದ್ದ ಆರೂವರೆ ಅಡಿ, ಅಗಲ ಎರಡು ಮುಕ್ಕಾಲು ಅಡಿ. ಎದುರು ಗೋಡೆಗೆ ಟಿವಿ ಸ್ಟ್ಯಾಂಡ್, ಒಂದೂಕಾಲು ಅಡಿ. ಹತ್ತರಲ್ಲಿ ಇವೆರಡೂ ಕಳೆದರೆ ನಡುವೆ ಉಳಿಯುವುದು 6 ಅಡಿ. ಈಗ 4×6 ರಗ್ಗು ಹಾಕಿದರೆ ಅದು ಸೋಫಾಕ್ಕಿಂತ ಅರ್ಧ ಅಡಿ ಗಿಡ್ಡ. ದೊಡ್ಡವರ ಪಂಚೆ ಮಕ್ಕಳಿಗೆ ಉಡಿಸಿದರೆ ಹೇಗೋ, ಮಕ್ಕಳದ್ದನ್ನು ದೊಡ್ಡವರಿಗೆ ಉಡಿಸಿದರೂ ಹಾಗೇ. 5×8 ಹಾಕಿದರೆ ಸೋಫಾದ ಎರಡೂ ಬದಿಗೆ ಒಂಬತ್ತೊಂಬತ್ತು ಇಂಚು ಹೊರಗೆ ಬರುತ್ತದೆ. ಮುಂಗಾಲಿನಡಿ 8 ಇಂಚು ಒಳಗೆ ತೂರಿಸಿದರೆ ಟಿವಿ ಕಡೆ 1 ಅಡಿ 8 ಇಂಚು ನೆಲ ಬರಿದಾಗಿ ಉಳಿಯುತ್ತದೆ. ಓಡಾಡಲು, ಒರೆಸಲು ಅಷ್ಟು ಸಾಕು. 6×9 ಹಾಕಿದರೆ ಟಿವಿ ಸ್ಟ್ಯಾಂಡಿಗೆ 8 ಇಂಚು ಮಾತ್ರ ಉಳಿಯುತ್ತಿತ್ತು. ಅದೂ ತಪ್ಪೇನಲ್ಲ, ಆದರೆ ನಮ್ಮಲ್ಲಿ ಬಾಗಿಲು ಅಡ್ಡ ಬರುತ್ತಿತ್ತು.

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಒಂದು ಕೆಲಸ ಮಾಡಿ. ಟೇಪಿನಿಂದ ಅಳೆದು, ರಂಗೋಲಿ ಪುಡಿಯಲ್ಲಿ ರಗ್ಗಿನ ನಾಲ್ಕು ಅಂಚನ್ನು ನೆಲದ ಮೇಲೆ ಎಳೆಯಿರಿ. ಒಳಗೆ ಹಳೇ ಪೇಪರ್ ಹರಡಿ. ಒಂದು ದಿನ ಹಾಗೇ ಬಿಡಿ. ಪೇಪರ್ ಎಲ್ಲಿ ಹರಿಯುತ್ತದೆ, ಯಾವ ಗೆರೆ ಅಳಿಸಿ ಹೋಗುತ್ತದೆ ನೋಡಿ. ನಮ್ಮ ಮನೆಯಲ್ಲಿ ಅಡುಗೆಮನೆ ಕಡೆಯ ಮೂಲೆಯ ಗೆರೆ ಮಧ್ಯಾಹ್ನದೊಳಗೆ ಮಾಯವಾಗಿತ್ತು. ಎಲ್ಲರೂ ಅಲ್ಲೇ ತಿರುಗುತ್ತಾರೆ ಅಂತ ಆಗಲೇ ಗೊತ್ತಾದದ್ದು. ಅಂಥ ಕಡೆ ರಗ್ಗಿನ ಮೂಲೆ ಬಂದರೆ ಎಡವುವುದು ಗ್ಯಾರಂಟಿ. ಅಂಚನ್ನು ಒಂದಡಿ ಸರಿಸಿದೆವು.

ಬಾಗಿಲ ಕೆಳಗಿನ ಸಂದನ್ನೂ ನೋಡಬೇಕು. ಬೆಂಕಿಪೊಟ್ಟಣವನ್ನು ಮಲಗಿಸಿ ಬಾಗಿಲಡಿ ತಳ್ಳಿ. ಅದು ಸಲೀಸಾಗಿ ಹೋಗದಿದ್ದರೆ ದಪ್ಪ ರಗ್ಗಿನ ಮೇಲೆ ಆ ಬಾಗಿಲು ತಿರುಗುವುದಿಲ್ಲ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಮ್ಮ ಕಡೆ ನೆಂಟರು ಬಂದರೆ ಸೋಫಾ ಸಾಲದು, ನೆಲಕ್ಕೂ ಕೂರುತ್ತಾರೆ. ಚಕ್ಕಳಮಕ್ಕಳ ಹಾಕಿ ಕೂರಲು ಒಬ್ಬರಿಗೆ ಎರಡೂವರೆ ಅಡಿ ಬೇಕು. 5×8ರ ಮೇಲೆ ಐದಾರು ಜನ ಕೂತು ಕವಳ (ಎಲೆ-ಅಡಿಕೆ) ಹಾಕುತ್ತಾ ಮಾತಾಡಬಹುದು. 3×5ರ ಮೇಲೆ ಇಬ್ಬರು ಕೂತರೆ ಮುಗಿಯಿತು. ಸಣ್ಣ ರಗ್ಗು ಅಗ್ಗ ಅನ್ನಿಸುವವರು ಬೆಲೆಯನ್ನು ಚದರಡಿಗೆ ಭಾಗಿಸಿ ನೋಡಿ. 4×6 ಅಂದರೆ 24 ಚದರಡಿ, 5×8 ಅಂದರೆ 40. ಎಷ್ಟೋ ಸಲ ದೊಡ್ಡದೇ ಚದರಡಿಗೆ ಕಡಿಮೆ ಬೀಳುತ್ತದೆ.

ಮನೆಯಲ್ಲಿ ವಯಸ್ಸಾದವರಿದ್ದರೆ ಜಾರದ ಹಾಗೆ ಕೆಳಗೆ ಏನಾದರೂ ಹಾಕಲೇಬೇಕು. ತೆಳು ಜಮಖಾನ ವಿಟ್ರಿಫೈಡ್ ಟೈಲ್ಸ್ ಮೇಲೆ ಜಾರುತ್ತದೆ. ಇದರಲ್ಲಿ ಉದಾಸೀನ ಮಾಡಬೇಡಿ, ಸೊಂಟ ಮುರಿದರೆ ಮಳೆಗಾಲ ಪೂರ್ತಿ ಮಂಚವೇ ಗತಿ. ಬಲೆಯ ಹಾಗೆ ತೂತಿರುವ ಜಾರುತಡೆ ಮ್ಯಾಟ್ ಆರಿಸಿ, ಗಾಳಿ ಆಡುತ್ತದೆ. ತೂತಿಲ್ಲದ ರಬ್ಬರ್ ಹಾಳೆ ಬೇಡ. ಅದು ತೇವವನ್ನು ಹಿಡಿದಿಡುತ್ತದೆ, ನೆಲಕ್ಕೆ ಅಂಟಿ ಹಳದಿ ಕಲೆಯನ್ನೂ ಬಿಡುತ್ತದೆ.

ಬಣ್ಣ, ಮಂಕು ಬೆಳಕು, ಕೆಂಪು ಮಣ್ಣು

ಮಲೆನಾಡಿನಲ್ಲಿ ಮೂರು ತಿಂಗಳು ಹಗಲಲ್ಲೂ ಲೈಟು ಬೇಕು. ಆ ಮಂಕು ಬೆಳಕಿನಲ್ಲಿ ಗಾಢ ನೀಲಿ, ಕಪ್ಪು, ಕಡು ಮರೂನ್ ನೆಲದಲ್ಲಿ ಹೊಂಡ ಬಿದ್ದಂತೆ ಕಾಣುತ್ತವೆ. ಪೂರ್ತಿ ಬಿಳಿ ಹಾಕೋಣ ಅಂದರೆ ಕೆಂಪು ಮಣ್ಣು. ಹಾಗಾಗಿ ತಿಳಿ ಬಣ್ಣಗಳೇ ಎರಡು ಮೂರು ಕಲೆತ ಹಾಸು ಒಳ್ಳೆಯದು. ಚಿತ್ತಾರ ಇದ್ದರೆ ಕಲೆ ಅದರಲ್ಲಿ ಸೇರಿ ಹೋಗುತ್ತದೆ. ರೆಡ್ ಆಕ್ಸೈಡ್ ನೆಲಕ್ಕೆ ಕೆಂಪು ರಗ್ಗು ಬೇಡ, ನೆಲದ ಹೊಳಪೇ ಸಾಯುತ್ತದೆ. ಮಾಸಲು ಬಿಳಿ, ಸಾಸಿವೆ ಹಳದಿ, ವೀಳ್ಯದೆಲೆಯ ಹಸಿರು ಅದರ ಮೇಲೆ ಎದ್ದು ನಿಲ್ಲುತ್ತವೆ. ಪಟ್ಟೆ ಇದ್ದರೆ ಕೋಣೆಯ ಯಾವ ಬದಿ ಗಿಡ್ಡವೋ ಆ ದಿಕ್ಕಿಗೆ ಹಾಸಿ, ಕಣ್ಣು ಆ ಕಡೆ ಓಡಿ ಜಾಗ ಹಿಗ್ಗಿದಂತೆ ಅನ್ನಿಸುತ್ತದೆ. ದಪ್ಪ ಬಾರ್ಡರ್ ಇರುವ ರಗ್ಗು ಸಣ್ಣ ಹಾಲ್‌ನಲ್ಲಿ ಚೌಕಟ್ಟು ಹಾಕಿದ ಹಾಗೆ ಕುಗ್ಗಿಸುತ್ತದೆ.

ಅಂಗಡಿಯ ಲೈಟಿನಲ್ಲಿ ಕಂಡ ಬಣ್ಣವನ್ನು ನಂಬಬೇಡಿ. ಬೀದಿಗೆ ತಂದು ಹಗಲ ಬೆಳಕಿನಲ್ಲಿ ನೋಡಿ. ಎದ್ದ ನೂಲಿರುವ ರಗ್ಗಾದರೆ ಎರಡೂ ತುದಿಯಿಂದ ನೋಡಿ. ನೂಲು ಒಂದು ಕಡೆಗೆ ಬಾಗಿರುವುದರಿಂದ ಒಂದು ತುದಿಯಿಂದ ತಿಳಿಯಾಗಿ, ಇನ್ನೊಂದು ತುದಿಯಿಂದ ಗಾಢವಾಗಿ ಕಾಣುತ್ತದೆ. ಒಂದೇ ರಗ್ಗು ಎರಡು ಬಣ್ಣದ್ದೇನೋ ಅನ್ನಿಸುವಷ್ಟು ವ್ಯತ್ಯಾಸ ಇರುತ್ತದೆ.

ಅಂಗಡಿಯಲ್ಲಿ ನಾನೀಗ ಬಿಡದೆ ಮಾಡುವ ಕೆಲಸಗಳು ಕೆಲವು. ಮಗುಚಿ ನೋಡುವುದನ್ನು ಆಗಲೇ ಹೇಳಿದೆ. ಬಿಳಿ ಕರ್ಚೀಫ್ ಒದ್ದೆ ಮಾಡಿ ಗಾಢ ಬಣ್ಣದ ಮೇಲೆ ಉಜ್ಜುತ್ತೇನೆ. ಬಣ್ಣ ಹತ್ತಿದರೆ ಬೆವರುವ ನೆಲಕ್ಕೂ ಹತ್ತುತ್ತದೆ, ಹಾಗಾಗಿ ಅದು ಬೇಡ. ಮೂಗು ಹತ್ತಿರ ಇಟ್ಟು ಮೂಸುತ್ತೇನೆ, ರಬ್ಬರ್ ವಾಸನೆ ಜೋರಾಗಿದ್ದರೆ ಅಂಟು ಜಾಸ್ತಿ. ರಗ್ಗನ್ನು ಮಡಚಿ ಹಿಡಿದು ನೂಲಿನ ಬುಡ ನೋಡುತ್ತೇನೆ, ತಳದ ಬಟ್ಟೆ ಬಿಡಿಬಿಡಿಯಾಗಿ ಕಂಡರೆ ನೂಲು ಕಡಿಮೆ ಹಾಕಿದ್ದಾರೆ. ನೂಲು ಯಾವುದು ಅಂತ ಅನುಮಾನ ಬಂದರೆ, ಅಂಗಡಿಯವರನ್ನು ಕೇಳಿ ಒಂದೆರಡು ಎಳೆ ಪಡೆದು ಹೊರಗೆ ಸುಟ್ಟು ನೋಡಬಹುದು. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಕಾಗದ ಸುಟ್ಟಂತಿದ್ದರೆ ಹತ್ತಿ ಅಥವಾ ವಿಸ್ಕೋಸ್. ಕರಗಿ ಮಣಿಯಂತಾದರೆ ಪ್ಲಾಸ್ಟಿಕ್ ಜಾತಿ.

ಕೈಯಿಂದ ಮಾಡಿದ ರತ್ನಗಂಬಳಿ ಕೊಳ್ಳುವವರು ಇನ್ನೊಂದು ಗಮನಿಸಿ. ಈ ಕೆಲಸಕ್ಕೆ ಮಕ್ಕಳನ್ನು ಕೂರಿಸುತ್ತಿದ್ದ ಕಾಲ ತೀರಾ ಹಳೆಯದಲ್ಲ. ಅದರ ವಿರುದ್ಧ ಕೈಲಾಶ್ ಸತ್ಯಾರ್ಥಿ ಮತ್ತು ಅವರ ಜೊತೆಯವರ ಪ್ರಯತ್ನದಿಂದ 1994ರಲ್ಲಿ ರಗ್‌ಮಾರ್ಕ್ ಅನ್ನುವ ಗುರುತು ಶುರುವಾಯಿತು. ಈಗ ಅದರ ಹೆಸರು ಗುಡ್‌ವೀವ್. ಹಿಂಬದಿಯಲ್ಲಿ ಆ ಚೀಟಿ ಇದೆಯಾ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ನಾಲ್ಕು ಜನ ಕೇಳಿದರೆ ಅಂಗಡಿಯವರು ಐದನೆಯವರಿಗೆ ತಂದು ಇಟ್ಟುಕೊಳ್ಳುತ್ತಾರೆ.

ಹಾಸಿದ ಮೇಲೆ

ನಮ್ಮಲ್ಲಿ ದಿನಾ ನೆಲ ಒರೆಸುತ್ತೇವೆ. ರಗ್ಗಿನ ಅಂಚು ದಿನಾ ಒದ್ದೆಯಾಗುವುದು ಇದರಿಂದಲೇ. ಒರೆಸುವ ಮುಂಚೆ ರಗ್ಗನ್ನು ಸುತ್ತಿ ಸೋಫಾ ಮೇಲೆ ಇಡಿ, ನೆಲ ಪೂರ್ತಿ ಆರಿದ ಮೇಲೆ ಹಾಸಿ. ಇದೊಂದು ಅಭ್ಯಾಸವಾದರೆ ದಿನಕ್ಕೊಮ್ಮೆ ಕೆಳಗೆ ಗಾಳಿ ಆಡಿದ ಹಾಗೂ ಆಗುತ್ತದೆ. ಎತ್ತಲು ಬರುವಂಥದ್ದನ್ನೇ ಕೊಳ್ಳಿ ಅಂದದ್ದು ಇದಕ್ಕೇ.

ಕೆಂಪು ಮಣ್ಣು ಮೆತ್ತಿದರೆ ಕೂಡಲೇ ಒದ್ದೆ ಬಟ್ಟೆ ತೆಗೆದುಕೊಂಡು ಉಜ್ಜಬೇಡಿ, ಮಣ್ಣು ನೂಲಿನೊಳಗೆ ಇಳಿಯುತ್ತದೆ. ಒಣಗಲು ಬಿಡಿ, ಆಮೇಲೆ ಕೊಡವಿ, ಬ್ರಷ್ ಹಾಕಿ. ಅರಿಶಿನದ ಕಲೆ ಹತ್ತಿಯ ಮೇಲಾದರೆ ಸೋಪು ಹಾಕಿ ತೊಳೆದು ಬಿಸಿಲಿಗೆ ಹಾಕಿ, ಬಿಸಿಲೇ ಅದನ್ನು ಮಾಸಿಸುತ್ತದೆ. ಕಾಫಿ ಚೆಲ್ಲಿದರೆ ಒಣ ಬಟ್ಟೆಯಿಂದ ಒತ್ತಿ ಒತ್ತಿ ಹೀರಿಸಬೇಕು. ಕವಳದ ಕಲೆ ಮಾತ್ರ ಸುಲಭಕ್ಕೆ ಬಿಡುವುದಿಲ್ಲ. ಪೀಕುದಾನಿಯನ್ನು ಕೈಗೆಟುಕುವ ಹಾಗೆ ಇಡುವುದೇ ಅದಕ್ಕಿರುವ ದಾರಿ.

ಆರಿದ್ರಾ ಮಳೆ ಶುರುವಾಗುವ ಮುಂಚೆ, ಜೂನ್ ಮೊದಲ ವಾರದಲ್ಲೇ, ದಪ್ಪ ರಗ್ಗು ಇರುವವರು ಎತ್ತಿಡುವುದು ಒಳ್ಳೆಯದು. ಮೊದಲು ಎರಡೂ ಬದಿ ಬಿಸಿಲು ಕಾಣಿಸಿ. ಮಡಚಬೇಡಿ, ಮಡಿಕೆ ಬಿದ್ದ ಕಡೆ ಸೀಳುತ್ತದೆ. ಸುರುಳಿ ಸುತ್ತಿ, ಹಳೇ ಕಾಟನ್ ಬೆಡ್‌ಶೀಟಿನಲ್ಲಿ ಕಟ್ಟಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಉಣ್ಣೆಯದ್ದಾದರೆ ಸುರುಳಿಯ ನಡುವೆ ಬಜೆ ಬೇರನ್ನೋ ಒಣ ಬೇವಿನ ಸೊಪ್ಪನ್ನೋ ಇಡಿ. ಗೋಡೆಗೆ ಒರಗಿಸಿ ನಿಲ್ಲಿಸಬೇಡಿ, ನೆಲಕ್ಕೆ ತಾಗಿಸಬೇಡಿ. ಅಟ್ಟ ಇದ್ದರೆ ಅಟ್ಟ, ಇಲ್ಲದಿದ್ದರೆ ಬೀರು ಮೇಲೆ. ಆ ಮೂರು ತಿಂಗಳು ಹಾಲ್‌ಗೆ ಒಂದು ತೆಳು ಚಾಪೆ ಸಾಕು.

ಕೊಳ್ಳುವುದಾದರೆ ದೀಪಾವಳಿ ಕಳೆದ ಮೇಲೆ ಕೊಳ್ಳಿ. ಮಳೆಗಾಲದಲ್ಲಿ ಅಂಗಡಿಯ ಗೋಡೌನಿನಲ್ಲಿ ಸುರುಳಿಯಾಗಿ ಕೂತ ರಗ್ಗು ನಿಮ್ಮ ಮನೆಗೆ ಬರುವ ಮುಂಚೆಯೇ ತೇವ ಕುಡಿದಿರುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಗಾಳಿ ಒಣಗಿರುತ್ತದೆ, ತಂದ ದಿನವೇ ಬಿಸಿಲಿಗೆ ಹಾಕಬಹುದು. ನಮ್ಮ ಜಮಖಾನ ಬಂದದ್ದೂ ಆಗಲೇ. ಅಮ್ಮನ ಮನೆಗೆ ಒಯ್ದು, ಅಡಿಕೆ ಒಣಗಿಸುವ ಅಟ್ಟದ ಮೇಲೆ ಖಾಲಿ ಇದ್ದ ಒಂದು ಮೂಲೆಯಲ್ಲಿ ಎರಡು ದಿನ ಹರಡಿದ್ದೆ. ಈಗ ಹಾಲ್‌ನಲ್ಲಿದೆ. ಅಂಚಿನ ಚೌಕಾಬಾರದ ಮನೆಗಳ ಮೇಲೆ ಮಗು ಹುಣಸೆ ಬೀಜ ಇಟ್ಟು ಆಡುತ್ತದೆ. ಸಂಜೆ ಗುಡಿಸುವಾಗ ನಾನು ದಿನಾ ಒಂದು ಮೂಲೆ ಎತ್ತಿ, ಅಂಗೈ ಒತ್ತಿ, ನೆಲ ಒಣಗಿದೆಯಾ ಅಂತ ನೋಡುತ್ತೇನೆ.